ಸೇತುವೆಯ ಹತ್ತಿರ ತುಂಡಾದ ಗೆರೆ: ಒಂದು ಜಿಐಎಸ್ ಸಂಶೋಧನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದ ಒಬ್ಬ ವಿದ್ಯಾರ್ಥಿನಿಯ ಡಿಸರ್ಟೇಶನ್ ಕೆಲಸದ ವಿವರ ಇದು. ವಿಶ್ವವಿದ್ಯಾಲಯ, ಜಿಲ್ಲೆ, ಊರುಗಳ ಹೆಸರನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ನಾನು ಆಕೆಯ ಗೈಡ್ ಅಲ್ಲ. ಆ ವಿಭಾಗದ ಲ್ಯಾಬ್‌ನಲ್ಲಿ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ವಿಧಾನ) ಪ್ರಾಕ್ಟಿಕಲ್ ಕಲಿಸುತ್ತಿದ್ದೆ. ಹಾಗಾಗಿ ಕೆಲಸ ಎಲ್ಲಿ ಸಿಕ್ಕು ಬಿತ್ತು, ಹೇಗೆ ಬಿಡಿಸಿಕೊಂಡಿತು ಅನ್ನುವುದನ್ನು ಹತ್ತಿರದಿಂದ ನೋಡಿದೆ.

ಆಕೆಗೆ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತಿತ್ತು. ಕ್ಯೂಜಿಐಎಸ್‌ನಲ್ಲಿ ಬಫರ್ (ಒಂದು ಜಾಗದ ಸುತ್ತ ಇಷ್ಟು ದೂರ ಎಂದು ವಲಯ ಎಳೆಯುವುದು), ಕ್ಲಿಪ್, ಓವರ್‌ಲೇ ಎಲ್ಲ ನೀರು ಕುಡಿದಷ್ಟು ಸಲೀಸು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಡಿಸರ್ಟೇಶನ್‌ಗೆ ಕೊಟ್ಟ ತಲೆಬರಹ ಹೀಗಿತ್ತು: ‘ಜಿಲ್ಲೆಯ ಆರೋಗ್ಯ ಕೇಂದ್ರಗಳ ಲಭ್ಯತೆ: ಜಿಐಎಸ್ ಆಧಾರಿತ ವಿಶ್ಲೇಷಣೆ’. ಇಂಥ ತಲೆಬರಹ ಎಲ್ಲ ವಿಭಾಗಗಳಲ್ಲೂ ಪ್ರತಿ ವರ್ಷ ಒಂದಾದರೂ ಇರುತ್ತದೆ. ಇದರಲ್ಲಿ ಒಂದು ಅನುಕೂಲ ಇದೆ. ಏನೇ ಮಾಡಿದರೂ ತಪ್ಪು ಅಂತ ಯಾರೂ ಹೇಳಲಾರರು. ತೊಂದರೆಯೂ ಅದೇ.

ಸಮಸ್ಯೆ

ಮೊದಲ ಪ್ರೆಸೆಂಟೇಶನ್‌ಗೆ ಆಕೆ ತಂದ ನಕ್ಷೆ ನೋಡಲು ಸೊಗಸಾಗಿತ್ತು. ಪ್ರತಿ ಆರೋಗ್ಯ ಕೇಂದ್ರದ ಸುತ್ತ 5 ಕಿ.ಮೀ.ನ ಒಂದು ವೃತ್ತ. ವೃತ್ತದ ಒಳಗಿನ ಊರುಗಳಿಗೆ ಹಸಿರು, ಹೊರಗಿನವಕ್ಕೆ ಕೆಂಪು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಸ್ಕೇಲು, ಲೆಜೆಂಡ್. ಗೈಡ್ ಸುಮಾರು ಹೊತ್ತು ನೋಡಿದರು.

“ನಕ್ಷೆ ಚೆನ್ನಾಗಿದೆ ಕಣಮ್ಮ. ಪ್ರಶ್ನೆ ಏನು?”

“ಲಭ್ಯತೆ, ಸರ್.”

“ಅದು ವಿಷಯ. ನಾನು ಕೇಳಿದ್ದು ಪ್ರಶ್ನೆ.”

ಆಕೆಗೆ ಉತ್ತರ ಹೊಳೆಯಲಿಲ್ಲ. ಗೈಡ್ ಎರಡು ಸಾಲಿನ ಕೆಲಸ ಕೊಟ್ಟು ಕಳಿಸಿದರು. ಒಂದು, ನಿನ್ನ ಪ್ರಶ್ನೆಯನ್ನು ಬಫರ್, ಲೇಯರ್ (ನಕ್ಷೆಯ ಒಂದೊಂದು ಪದರ), ನಕ್ಷೆ ಅನ್ನುವ ಒಂದು ಪದವೂ ಇಲ್ಲದೆ ಬರೆದು ತಾ. ಎರಡು, ಯಾವ ಫಲಿತಾಂಶ ಬಂದರೆ ‘ನಾನಂದುಕೊಂಡದ್ದು ಸುಳ್ಳು’ ಅಂತ ಒಪ್ಪಿಕೊಳ್ಳುತ್ತೀಯ, ಅದನ್ನೂ ಬರೆ.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಇದು. ಜಿಐಎಸ್ ಸಾಫ್ಟ್‌ವೇರ್ ‘ಆಗಲ್ಲ’ ಅನ್ನುವುದು ತುಂಬ ಅಪರೂಪ. ಅರ್ಥವಿಲ್ಲದ ಎರಡು ಲೇಯರ್ ಕೊಟ್ಟರೂ ಕೂಡಿಸಿ, ಬಣ್ಣ ಹಚ್ಚಿ ಕೈಗೆ ಕೊಡುತ್ತದೆ. ‘ಇದು ಸರಿಯಿಲ್ಲ’ ಅನ್ನುವ ಕೆಲಸ ಪೂರ್ತಿ ಸಂಶೋಧಕರದ್ದೇ. ಆ ಕೆಲಸವನ್ನು ಪ್ರಾಕ್ಟಿಕಲ್ ತರಗತಿಯಲ್ಲಿ ನಾವು ಕಲಿಸುವುದು ಕಡಿಮೆ, ಅಲ್ವಾ?

ಇಲ್ಲೊಂದು ಅಡ್ಡ ಮಾತು. ಜಿಐಎಸ್ ಪಾಠದ ಮೊದಲ ದಿನ ಎಲ್ಲರೂ ಜಾನ್ ಸ್ನೋ ಎಂಬ ಇಂಗ್ಲಿಷ್ ವೈದ್ಯರ ಕಥೆ ಹೇಳುತ್ತಾರೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಹಬ್ಬಿತು. ಸ್ನೋ ಸಾವುಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದರು. ನಕ್ಷೆ ನೋಡಿದ ಕೂಡಲೇ ನೀರಿನ ಪಂಪು ಕಾರಣ ಅಂತ ಗೊತ್ತಾಯಿತು. ಕಥೆ ಚೆನ್ನಾಗಿದೆ, ಆದರೆ ಕ್ರಮ ತಲೆಕೆಳಗು. ಕಾಲರಾ ನೀರಿನಿಂದ ಬರುತ್ತದೆ ಅನ್ನುವ ವಾದವನ್ನು ಸ್ನೋ 1849ರಲ್ಲೇ ಅಚ್ಚು ಹಾಕಿಸಿದ್ದರು. ಪಂಪಿನ ಹಿಡಿ ತೆಗೆದದ್ದು 1854ರ ಸೆಪ್ಟೆಂಬರ್‌ನಲ್ಲಿ. ನಕ್ಷೆ ಜನರ ಮುಂದೆ ಬಂದದ್ದು ಅದಾದ ಮೇಲೆ. ಅಂದರೆ ಪ್ರಶ್ನೆ ಮೊದಲು ಹುಟ್ಟಿತ್ತು. ಇನ್ನೂ ಒಂದು ವಿಷಯ ಇದೆ. ಯಾವ ಮನೆಗೆ ಯಾವ ಪಂಪು ಹತ್ತಿರ ಎಂದು ತೋರಿಸಲು ಆಮೇಲಿನ ನಕ್ಷೆಯಲ್ಲಿ ಅವರು ಒಂದು ಗೆರೆ ಎಳೆದರು. ಅದಕ್ಕೆ ಅಳೆದದ್ದು ನೇರ ದೂರವನ್ನಲ್ಲ, ಬೀದಿಯಲ್ಲಿ ನಡೆದು ಹೋಗುವ ದೂರವನ್ನು. ಈ ಎರಡನೆಯ ಮಾತು ನಮ್ಮ ವಿದ್ಯಾರ್ಥಿನಿಗೆ ಮುಂದೆ ಬೇಕಾಗುತ್ತದೆ.

ಆಕೆ ಬರೆದು ತಂದ ಪ್ರಶ್ನೆ: ಆರೋಗ್ಯ ಕೇಂದ್ರದಿಂದ ದೂರ ಇರುವ ಊರುಗಳಲ್ಲಿ ಪೂರ್ತಿ ಲಸಿಕೆ ಹಾಕಿಸಿಕೊಂಡ ಮಕ್ಕಳ ಪ್ರಮಾಣ ಕಡಿಮೆಯೇ? ಹತ್ತಿರದ ಊರು, ದೂರದ ಊರುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ತನ್ನ ಊಹೆ ಸುಳ್ಳು. ಗೈಡ್ ಸರಿ ಎಂದರು.

ಮೊದಲ ಪ್ರಯತ್ನ: ಅಂಕಿಗಳನ್ನು ನೆಲಕ್ಕೆ ಕೂರಿಸುವುದು

ಕೇಂದ್ರಗಳ ಪಟ್ಟಿಯನ್ನು ನಕ್ಷೆಗೆ ಹಾಕಿದಾಗ ಎಲ್ಲವೂ ಜಿಲ್ಲೆಯೊಳಗೆ ಬಿದ್ದಂತೆ ಕಂಡಿತು. ‘ಪೂರ್ತಿ ಲೇಯರ್‌ಗೆ ಝೂಮ್ ಮಾಡಿ ನೋಡು’ ಎಂದೆ. ಪ್ರಪಂಚದ ಅರ್ಧ ಭಾಗ ತೆರೆದುಕೊಂಡಿತು. ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡು ಸಮುದ್ರದಲ್ಲಿ ಒಂದು ಚುಕ್ಕೆ. ಅದರ ಮೇಲೆ ಕ್ಲಿಕ್ ಮಾಡಿದರೆ ಒಂದರ ಮೇಲೊಂದು ಕೂತ ಹಲವು ಆರೋಗ್ಯ ಕೇಂದ್ರಗಳ ಹೆಸರು ಬಂದವು. ಅಕ್ಷಾಂಶ, ರೇಖಾಂಶ ಗೊತ್ತಿಲ್ಲದ ಕಡೆ ಯಾರೋ ಸೊನ್ನೆ ತುಂಬಿಸಿದ್ದರು. ಸೊನ್ನೆ ಡಿಗ್ರಿ, ಸೊನ್ನೆ ಡಿಗ್ರಿ ಅಂದರೆ ಆ ಸಮುದ್ರವೇ. ಇಷ್ಟು ದಿನ ಆ ಕೇಂದ್ರಗಳ ಊರುಗಳೆಲ್ಲ ಸುಮ್ನೆ ಕೆಂಪು ಬಣ್ಣದಲ್ಲಿ ಕೂತಿದ್ದವು!

ಇನ್ನೊಂದು ತಪ್ಪು ಇದಕ್ಕಿಂತ ನಯವಾಗಿತ್ತು. ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಹಿನ್ನೆಲೆಗೆ ಆನ್‌ಲೈನ್ ನಕ್ಷೆ ಹಾಕಿಕೊಂಡಿದ್ದರಿಂದ ಇಡೀ ಪ್ರಾಜೆಕ್ಟ್ ವೆಬ್ ಮರ್ಕೇಟರ್ ಪ್ರೊಜೆಕ್ಷನ್‌ನಲ್ಲಿತ್ತು. ಅದಕ್ಕೆ ಹೊಂದಲಿ ಅಂತ ಆಕೆ ಕೇಂದ್ರಗಳ ಲೇಯರನ್ನೂ ಅದರಲ್ಲೇ ಸೇವ್ ಮಾಡಿಕೊಂಡಿದ್ದಳು. ಅಲ್ಲಿ ಅಳತೆಯ ಘಟಕ ಮೀಟರ್ ಅಂತಲೇ ಬರುತ್ತದೆ. 5000 ಎಂದು ಟೈಪ್ ಮಾಡಿದರೆ 5 ಕಿ.ಮೀ. ಬಫರ್ ಆಯಿತು ಎಂದು ಯಾರಾದರೂ ನಂಬುತ್ತಾರೆ. ಆದರೆ ಆ ಪ್ರೊಜೆಕ್ಷನ್ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನೆಲವನ್ನು ಹಿಗ್ಗಿಸುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದರ 5000 ಮೀಟರ್ ಅಂದರೆ ನೆಲದ ಮೇಲೆ ಸುಮಾರು 2500 ಮೀಟರ್ ಮಾತ್ರ. 30 ಡಿಗ್ರಿಯಲ್ಲಿ ಸುಮಾರು 4330 ಮೀಟರ್. ವಿಸ್ತೀರ್ಣ ಲೆಕ್ಕ ಹಾಕಿದರೆ ಅಲ್ಲಿಗೇ ಕಾಲು ಭಾಗ ಕಡಿಮೆಯಾಯಿತು.

ಪರಿಹಾರ ಕಷ್ಟದ್ದೇನಲ್ಲ. ಯುಟಿಎಂ ಎಂಬ ಇನ್ನೊಂದು ಪ್ರೊಜೆಕ್ಷನ್ ಪದ್ಧತಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳುತ್ತದೆ. ತನ್ನ ವಲಯದೊಳಗೆ ದೂರದ ತಪ್ಪು ಸಾವಿರಕ್ಕೆ ಒಂದರಷ್ಟು ಅಥವಾ ಅದಕ್ಕಿಂತ ಕಡಿಮೆ. ಒಂದು ಜಿಲ್ಲೆಯ ಕೆಲಸಕ್ಕೆ ಅದು ಸಾಕು. ಆದರೆ ಆಕೆ ಅಲ್ಲೂ ಒಮ್ಮೆ ಎಡವಿದಳು. ಲೇಯರ್ ಬದಲಾಯಿಸಲು ‘ಪ್ರೊಜೆಕ್ಷನ್ ನಿಗದಿ ಮಾಡು’ ಅನ್ನುವ ಆಯ್ಕೆ ಒತ್ತಿದಳು. ಅದು ಲೇಯರ್‌ಗೆ ಬೇರೆ ಚೀಟಿ ಅಂಟಿಸುತ್ತದೆ ಅಷ್ಟೆ, ಒಳಗಿನ ಅಂಕಿ ಹಾಗೇ ಉಳಿಯುತ್ತದೆ. ಅಂಕಿಗಳನ್ನೇ ಲೆಕ್ಕ ಹಾಕಿ ಬದಲಿಸುವ ‘ರೀಪ್ರೊಜೆಕ್ಟ್’ ಬೇರೆಯದೇ ಆಯ್ಕೆ. ಲ್ಯಾಬ್‌ನಲ್ಲಿ ಅತಿ ಹೆಚ್ಚು ಸಮಯ ತಿನ್ನುವ ಗೊಂದಲ ಇದೇ ಇರಬೇಕು.

ಎರಡನೆಯ ಪ್ರಯತ್ನ: ಹೊಳೆಯುವ ಫಲಿತಾಂಶ, ಆಮೇಲೆ ಮಂಕು

ಲಸಿಕೆಯ ಅಂಕಿ ಮೊದಲು ಸಿಕ್ಕಿದ್ದು ಉಪವಿಭಾಗ ಮಟ್ಟದಲ್ಲಿ. ಕೇಂದ್ರದಿಂದ ಸರಾಸರಿ ದೂರ ಜಾಸ್ತಿ ಇದ್ದ ಉಪವಿಭಾಗಗಳಲ್ಲಿ ಲಸಿಕೆ ಕಡಿಮೆ. ಸಂಬಂಧ ಎಷ್ಟು ಗಟ್ಟಿ ಅಂದರೆ ಚುಕ್ಕೆಗಳು ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ನಿಂತಿದ್ದವು. ಆಕೆ ಫಲಿತಾಂಶದ ಅಧ್ಯಾಯ ಬರೆಯಲು ಕೂತೇಬಿಟ್ಟಳು. ಅಷ್ಟರಲ್ಲಿ ಊರು ಮಟ್ಟದ ಅಂಕಿ ಬಂತು. ಅದರಲ್ಲಿ ಅದೇ ಸಂಬಂಧ ಹುಡುಕಿದರೂ ಸಿಗದಷ್ಟು ತೆಳ್ಳಗಾಗಿತ್ತು.

ಯಾವುದು ನಿಜ? ಆಕೆಯ ಮನಸ್ಸು ಮೊದಲನೆಯದರ ಕಡೆಗೆ ವಾಲಿತ್ತು. ಸಹಜ. ಗೈಡ್ ಓದಲು ಕೊಟ್ಟದ್ದು ಎರಡು ಹಳೆಯ ಲೇಖನಗಳು. ಒಂದು 1950ರದ್ದು, ರಾಬಿನ್ಸನ್ ಬರೆದದ್ದು. ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಅವರು ತೋರಿಸಿದ್ದು ಇದು. ರಾಜ್ಯಗಳ ಮಟ್ಟದಲ್ಲಿ ನೋಡಿದರೆ ವಿದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ಕಡೆ ಅನಕ್ಷರತೆ ಕಡಿಮೆ, ಸಂಬಂಧ ಸುಮಾರು ಮೈನಸ್ 0.53 (ಪ್ಲಸ್ ಒಂದು ಅಂದರೆ ಎರಡೂ ಪೂರ್ತಿ ಒಟ್ಟಿಗೆ ಏರುತ್ತವೆ, ಮೈನಸ್ ಒಂದು ಅಂದರೆ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಸೊನ್ನೆ ಅಂದರೆ ನಂಟಿಲ್ಲ). ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ಅದೇ ಸಂಬಂಧ ಪ್ಲಸ್ 0.12. ಚಿಹ್ನೆಯೇ ತಿರುಗಿತು! ವಿದೇಶದಿಂದ ಬಂದವರು ಅಕ್ಷರಸ್ಥರು ಹೆಚ್ಚಿರುವ ರಾಜ್ಯಗಳಲ್ಲಿ ನೆಲೆ ನಿಂತಿದ್ದರು, ಅಷ್ಟೆ. ಇನ್ನೊಂದು 1979ರದ್ದು, ಓಪನ್‌ಶಾ ಮತ್ತು ಟೇಲರ್ ಅವರದ್ದು. ಅಯೋವಾ ರಾಜ್ಯದ 99 ಕೌಂಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಗುಂಪು ಮಾಡುತ್ತಾ ಹೋದರೆ, ಅದೇ ಎರಡು ಅಂಕಿಗಳ ಸಂಬಂಧ ಹೆಚ್ಚುಕಡಿಮೆ ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಅಂದರೆ ಆಕೆಯ ಹೊಳೆಯುವ ಫಲಿತಾಂಶ ಗಡಿ ಎಳೆದವರ ಕೈಚಳಕವೂ ಆಗಿರಬಹುದು. ಊರು ಮಟ್ಟಕ್ಕೇ ಅಂಟಿಕೊಳ್ಳಲು ನಿರ್ಧರಿಸಿದಳು. ಅಲ್ಲೂ ಒಂದು ತೊಡಕು ಇತ್ತು. ಅಕ್ಕಪಕ್ಕದ ಊರುಗಳು ಒಂದನ್ನೊಂದು ಹೋಲುತ್ತವೆ. ಭೂಗೋಳತಜ್ಞ ಟೋಬ್ಲರ್ 1970ರಲ್ಲಿ ಭೂಗೋಳದ ಮೊದಲ ನಿಯಮ ಎಂದು ಕರೆದದ್ದು ಇದನ್ನೇ. ನೂರು ಊರು ಅಂದರೆ ನೂರು ಬಿಡಿ ಬಿಡಿ ಸಾಕ್ಷಿ ಅಲ್ಲ. ಅಕ್ಕಪಕ್ಕದವು ಎಷ್ಟು ಹೋಲುತ್ತವೆ ಎಂದು ಅಳೆಯುವ ಮೊರಾನ್ ಸೂಚ್ಯಂಕ ಹಾಕಿ ನೋಡಿದರೆ ಉಳಿಕೆಗಳು (ದೂರದಿಂದ ವಿವರಿಸಲಾಗದೆ ಉಳಿದ ವ್ಯತ್ಯಾಸಗಳು) ಗುಂಪು ಕಟ್ಟಿಕೊಂಡಿದ್ದವು. ಹಾಗಾಗಿ ಉಳಿದಿದ್ದ ತೆಳ್ಳನೆಯ ಸಂಬಂಧವನ್ನೂ ಪೂರ್ತಿ ನಂಬುವಂತಿರಲಿಲ್ಲ.

ಈ ಹಂತದಲ್ಲಿ ಬಹಳ ಜನ ವಿಷಯವನ್ನೇ ಬದಲಿಸುತ್ತಾರೆ. ಇಲ್ಲವೇ ಉಪವಿಭಾಗದ ನಕ್ಷೆ ಮಾತ್ರ ಅಚ್ಚು ಹಾಕಿ ಮುಗಿಸುತ್ತಾರೆ. ಆಕೆ ಎರಡನ್ನೂ ಮಾಡಲಿಲ್ಲ. ‘ದೂರವನ್ನೇ ತಪ್ಪಾಗಿ ಅಳೆದಿದ್ದೇನೋ ಏನೋ’ ಎಂದು ರಸ್ತೆಯ ಕಡೆ ತಿರುಗಿದಳು.

ಮೂರನೆಯ ಪ್ರಯತ್ನ: ರಸ್ತೆ

ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳನ್ನು ಇಳಿಸಿಕೊಂಡು ಪ್ರತಿ ಊರಿನಿಂದ ಹತ್ತಿರದ ಕೇಂದ್ರಕ್ಕೆ ರಸ್ತೆ ದೂರ ಲೆಕ್ಕ ಹಾಕಿದಳು. ಒಂದು ಊರಿಗೆ ನೇರ ದೂರ 3 ಕಿ.ಮೀ., ರಸ್ತೆ ದೂರ 30 ಕಿ.ಮೀ.ಗಿಂತ ಜಾಸ್ತಿ ಬಂತು. ನಡುವೆ ನದಿ. ಇದೇ ತನ್ನ ಶೋಧ ಎಂದು ಖುಷಿಪಟ್ಟಳು.

“ಶೋಧ ಅನ್ನುವ ಮೊದಲು ಹತ್ತಿರ ಹೋಗಿ ನೋಡು” ಎಂದೆ. ಝೂಮ್ ಮಾಡುತ್ತಾ ಹೋದಳು. ನದಿಯ ಮೇಲೆ ಸೇತುವೆಯ ಗೆರೆ ಇತ್ತು. ದಡದ ರಸ್ತೆಯ ಗೆರೆಯೂ ಇತ್ತು. ಇನ್ನೂ ಹತ್ತಿರ ಹೋದಾಗ ಎರಡರ ನಡುವೆ ಒಂದು ಕೂದಲೆಳೆಯಷ್ಟು ಬಿಳಿ ಜಾಗ ಕಂಡಿತು. ನೆಲದ ಲೆಕ್ಕದಲ್ಲಿ ಎರಡು ಮೀಟರ್ ಇದ್ದೀತು. ಕಣ್ಣಿಗೆ ರಸ್ತೆ ಸೇರಿದೆ, ಕಂಪ್ಯೂಟರ್‌ಗೆ ಸೇರಿಲ್ಲ. ಗೆರೆಗಳ ತುದಿ ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ಅದರ ಪಾಲಿಗೆ ಅಲ್ಲಿ ದಾರಿಯೇ ಇಲ್ಲ. ಇಡೀ ಜಿಲ್ಲೆ ಸುತ್ತಿಸಿ ತರುತ್ತದೆ.

ಒಂದನ್ನು ಕೈಯಲ್ಲಿ ಸರಿಪಡಿಸಬಹುದು. ಇಂಥವು ಇನ್ನೆಷ್ಟಿವೆಯೋ? ಆಕೆ ಒಂದು ಸರಳ ಜರಡಿ ಮಾಡಿಕೊಂಡಳು. ರಸ್ತೆ ದೂರವನ್ನು ನೇರ ದೂರದಿಂದ ಭಾಗಿಸುವುದು. ರಸ್ತೆ ಜಾಲ ಚೆನ್ನಾಗಿರುವ ಕಡೆ ಈ ಅನುಪಾತ ಸಾಮಾನ್ಯವಾಗಿ 1.2ರಿಂದ 1.5ರ ಆಸುಪಾಸು. 3 ದಾಟಿದ ಊರುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದನ್ನೇ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದಳು. ಕೆಲವು ಕಡೆ ಗೆರೆ ತುಂಡಾಗಿತ್ತು. ಕೆಲವು ಕಡೆ ನಿಜವಾಗಿಯೂ ಸೇತುವೆ ಇರಲಿಲ್ಲ. ಮತ್ತೆ ಕೆಲವು ಕಡೆ ಚಿತ್ರ ನೋಡಿ ಏನೂ ಹೇಳುವಂತಿರಲಿಲ್ಲ. ಆ ಕೊನೆಯ ಗುಂಪಿಗಾಗಿ ಕ್ಷೇತ್ರಕಾರ್ಯಕ್ಕೆ ಹೊರಟಳು.

ದೊಡ್ಡ ತಿರುವು

ಕ್ಷೇತ್ರದಲ್ಲಿ ಎರಡು ಸಂಗತಿಗಳು ಸಿಕ್ಕವು. ಎರಡೂ ಲ್ಯಾಬ್‌ನಲ್ಲಿ ಕೂತು ಸಿಗುವಂಥವಲ್ಲ.

ಮೊದಲನೆಯದು: ತಾನು ಅಕ್ಕರೆಯಿಂದ ಗೆರೆ ಜೋಡಿಸಿದ ಆ ಸೇತುವೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಎತ್ತರ ಇತ್ತು. ಕಂಬದ ಮೇಲೆ ಕೆಸರಿನ ಗೆರೆ ಕೈಗಂಬಿಗಿಂತ ಮೇಲಿತ್ತು. ಮಳೆಗಾಲದಲ್ಲಿ ಅದು ಆಗಾಗ ಮುಳುಗುತ್ತದೆ. ಹಾಗಿದ್ದರೆ ರಸ್ತೆ ದೂರ 4 ಕಿ.ಮೀ. ಅಂತಲೋ, 30 ಅಂತಲೋ? ಎರಡೂ ಸರಿ, ತಿಂಗಳು ಯಾವುದು ಅನ್ನುವುದರ ಮೇಲೆ.

ಎರಡನೆಯದು ಒಬ್ಬ ಹಿರಿಯ ನರ್ಸ್ ಹೇಳಿದ ಮಾತು. ಲಸಿಕೆಗೆ ದೂರ ಅಡ್ಡಿ ಆಗುತ್ತದಾ ಎಂದು ಇವಳು ಪ್ರಶ್ನಾವಳಿ ತೆಗೆದಳು. ಅವರು ನಕ್ಕರು. “ಲಸಿಕೆಗೆ ಅವರೆಲ್ಲಿ ಇಲ್ಲಿಗೆ ಬರ್ತಾರಮ್ಮ? ನಾವೇ ಊರೂರಿಗೆ ಹೋಗ್ತೀವಲ್ಲ.”

ಊರು ಮಟ್ಟದ ಅಂಕಿಯಲ್ಲಿ ಸಂಬಂಧ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಈ ಒಂದು ಮಾತು ಸಾಕಿತ್ತು. ಲಸಿಕೆ ಜನರ ಹತ್ತಿರ ಹೋಗುತ್ತಿತ್ತು. ಜನ ಕೇಂದ್ರಕ್ಕೆ ಹೋಗುವ ದೂರಕ್ಕೂ ಅದಕ್ಕೂ ನೇರ ನಂಟೇ ಇಲ್ಲ. ದೂರವನ್ನು ಎಷ್ಟೇ ನಿಖರವಾಗಿ ಅಳೆದರೂ ಅದು ತಪ್ಪು ಬಾಗಿಲು ತಟ್ಟಿದಂತೆ.

ವಾಪಸ್ ಬಂದು ಗೈಡ್ ಜೊತೆ ಕೂತಾಗ ಅವರು ಕೇಳಿದ್ದು ಒಂದೇ: ಹಾಗಾದರೆ ಜನ ತಾವೇ ಹೋಗಲೇಬೇಕಾದ ಕೆಲಸ ಯಾವುದು? ಉತ್ತರ ಹೆರಿಗೆ. ಅಲ್ಲಿಂದ ಪ್ರಶ್ನೆ ಹೊಸದಾಗಿ ಹುಟ್ಟಿತು. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರುಗಳಲ್ಲಿ, ಆ ತಿಂಗಳುಗಳಲ್ಲಿ, ಹೆರಿಗೆಗೆ ಹತ್ತಿರದ ಕೇಂದ್ರಕ್ಕೆ ಹೋಗುವುದು ಕಡಿಮೆಯಾಗುತ್ತದೆಯೇ?

ಈ ಪ್ರಶ್ನೆಯ ಚೆಂದ ಅದರ ಹೋಲಿಕೆಯಲ್ಲಿದೆ. ಮೊದಲು ಆಕೆ ದೂರದ ಊರನ್ನು ಹತ್ತಿರದ ಊರಿನ ಜೊತೆ ಹೋಲಿಸುತ್ತಿದ್ದಳು. ಆ ಎರಡು ಊರುಗಳು ದೂರದಲ್ಲಿ ಮಾತ್ರ ಬೇರೆಯಲ್ಲ, ಆದಾಯ, ಓದು, ಕೆಲಸ ಎಲ್ಲದರಲ್ಲೂ ಬೇರೆ ಇರಬಹುದು. ಈಗ ಒಂದೇ ಊರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ ನೋಡುತ್ತಾಳೆ. ಜನ ಅವರೇ, ಬದಲಾಗಿದ್ದು ದಾರಿ. ಮಳೆಗಾಲದಲ್ಲಿ ಬೇರೆ ಏನೇನೋ ಬದಲಾಗುತ್ತದೆ ಎಂದು ನೀವು ಕೇಳಬಹುದು. ಆ ಅನುಮಾನಕ್ಕಾಗಿಯೇ ದಾರಿ ಕಡಿಯದ ಊರುಗಳಲ್ಲೂ ಅದೇ ಹೋಲಿಕೆ ಮಾಡಿ ಪಕ್ಕದಲ್ಲಿ ಇಟ್ಟಳು.

ಏನಾಯಿತು

ಎರಡು ರಸ್ತೆ ಜಾಲಗಳು ತಯಾರಾದವು, ಒಣ ಕಾಲಕ್ಕೊಂದು, ಮಳೆಗಾಲಕ್ಕೊಂದು. ಲೆಕ್ಕ ಹಾಕಿದ ಮೇಲೆ ಕೆಲವು ಊರುಗಳಿಗೆ ಮಳೆಗಾಲದ ದೂರ ಒಣ ಕಾಲಕ್ಕಿಂತ ಕಡಿಮೆ ಬಂತು. ಇದು ಆಗಲು ಸಾಧ್ಯವೇ ಇಲ್ಲ. ರಸ್ತೆ ತೆಗೆದರೆ ದೂರ ಹೆಚ್ಚಬೇಕು, ಇಲ್ಲ ಅಷ್ಟೇ ಇರಬೇಕು. ಕಾರಣ ಶೇಪ್‌ಫೈಲ್. ನಕ್ಷೆಯ ಡೇಟಾ ಇಡುವ ಆ ಹಳೆಯ ಬಗೆಯ ಫೈಲಿನಲ್ಲಿ ಕಾಲಂ ಹೆಸರಿಗೆ 10 ಅಕ್ಷರ ಮಾತ್ರ ಜಾಗ. ಆಕೆಯ ಎರಡೂ ಕಾಲಂಗಳ ಮೊದಲ 10 ಅಕ್ಷರ ಒಂದೇ ಆಗಿದ್ದವು. ಸೇವ್ ಮಾಡುವಾಗ ಬಾಲ ಕತ್ತರಿಸಿಹೋಗಿ, ಯಾವುದು ಯಾವುದೆಂದು ಅದಲು ಬದಲಾಗಿತ್ತು. ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಫೈಲ್‌ಗೆ ಬದಲಿಸಿದ ಮೇಲೆ ಆ ಕಾಟ ತಪ್ಪಿತು. ನನಗೆ ಇಷ್ಟವಾದದ್ದು ಬೇರೆ. ಈ ಸಲ ತಪ್ಪನ್ನು ಹಿಡಿದವಳು ಆಕೆಯೇ. ಫಲಿತಾಂಶ ಬರುವ ಮೊದಲೇ ‘ಏನು ಬರಬಾರದು’ ಎಂದು ಬರೆದಿಟ್ಟುಕೊಂಡಿದ್ದಳು.

ಹೆರಿಗೆಯ ದಾಖಲೆ ಸಿಕ್ಕಿತು, ಹೆಸರುಗಳನ್ನು ತೆಗೆದು ಕೊಟ್ಟಿದ್ದರು. ಆದರೂ ಒಂದು ಸಣ್ಣ ಊರಿನಲ್ಲಿ ಒಂದು ತಿಂಗಳಿಗೆ ಒಂದೇ ಹೆರಿಗೆ ಇದ್ದರೆ ಹೆಸರು ಯಾಕೆ ಬೇಕು? ನಕ್ಷೆಯ ಮೇಲಿನ ಒಂದು ಚುಕ್ಕೆಯೇ ಸಾಕು, ಊರಿನವರೆಲ್ಲ ಗುರುತು ಹಿಡಿಯುತ್ತಾರೆ. ಸ್ನೋ ಮನೆ ಮನೆಗೂ ಗುರುತು ಹಾಕಿದ ಹಾಗೆ ಇವತ್ತು ಹಾಕಿದರೆ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಊರುಗಳನ್ನು ಗುಂಪು ಮಾಡಲೇಬೇಕಿತ್ತು. ಆದರೆ ಗುಂಪು ಮಾಡಿದರೆ ಫಲಿತಾಂಶ ಬಾಗುತ್ತದೆ ಎಂದು ಈಗಷ್ಟೇ ಕಲಿತಿದ್ದಾಳೆ. ಹೆರಿಗೆಯ ಅಂಕಿ ತೆರೆದು ನೋಡುವ ಮೊದಲೇ ಗುಂಪಿನ ನಿಯಮ ಬರೆದು ಗೈಡ್‌ಗೆ ಕಳಿಸಿದಳು: ದಾರಿ ಪೂರ್ತಿ ಕಡಿಯುವ ಊರು, ಸುತ್ತು ಹೆಚ್ಚುವ ಊರು, ಏನೂ ಆಗದ ಊರು. ಮೂರೇ ಗುಂಪು.

ಫಲಿತಾಂಶ ಆಕೆ ಅಂದುಕೊಂಡ ಹಾಗೆ ಬರಲಿಲ್ಲ. ದಾರಿ ಕಡಿಯುವ ಊರುಗಳಲ್ಲಿ ಮಳೆಗಾಲದಲ್ಲೂ ಆಸ್ಪತ್ರೆ ಹೆರಿಗೆ ಅಷ್ಟೇನೂ ಇಳಿದಿರಲಿಲ್ಲ. ಇಳಿದದ್ದು ಹತ್ತಿರದ ಕೇಂದ್ರದ ಪಾಲು. ದೂರದ ಆಸ್ಪತ್ರೆಗಳ ಪಾಲು ಏರಿತ್ತು. ಕ್ಷೇತ್ರದ ಮಾತುಕತೆಯಲ್ಲಿ ಕಾರಣ ಸಿಕ್ಕಿತು. ದಿನ ತುಂಬುವ ಮೊದಲೇ ಕುಟುಂಬದವರು ನದಿ ದಾಟಿಸಿ ನೆಂಟರ ಮನೆಗೆ ಬಿಡುತ್ತಿದ್ದರು. ದಾಖಲೆಯಲ್ಲಿ ವಿಳಾಸ ಮಾತ್ರ ಊರಿನದೇ. ನಕ್ಷೆಯಲ್ಲಿ ಚುಕ್ಕೆ ಇದ್ದ ಜಾಗದಲ್ಲಿ ಆ ಹೆಂಗಸು ಇರಲೇ ಇಲ್ಲ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪಟ್ಟು ಹಿಡಿದು ಕೇಳಿದರು. ಹೀಗೆ ವಾರಗಟ್ಟಲೆ ಬೇರೆ ಕಡೆ ಇರುವುದರಿಂದ ಆ ಕುಟುಂಬಗಳಿಗೆ ಎಷ್ಟು ಹೊರೆ ಆಯಿತು? “ಅದು ನನ್ನ ಡೇಟಾದಲ್ಲಿ ಇಲ್ಲ ಸರ್” ಎಂದಳು. ಇನ್ನೊಂದು ಮಾತು ಸೇರಿಸಲಿಲ್ಲ. ಹಿಂದಿನ ವರ್ಷ ಆಗಿದ್ದರೆ ಒಂದು ಬಫರ್ ಎಳೆದು ತೋರಿಸುತ್ತಿದ್ದಳೇನೋ.

ಬೇರೆಯವರಿಗೆ ಇದರಲ್ಲಿ ಏನಿದೆ

ಆಕೆ ಕೈಬಿಟ್ಟ ಮೂರು ನಕ್ಷೆಗಳನ್ನು ಡಿಸರ್ಟೇಶನ್‌ನ ಅನುಬಂಧದಲ್ಲಿ ಹಾಕಬೇಕೋ ಬೇಡವೋ ಎಂದು ವಿಭಾಗದಲ್ಲಿ ವಾದವಾಯಿತು. ಗೈಡ್ ಹಾಕಿಸಿದರು. ನಾನೂ ಅವರ ಪರ. ಮುಂದಿನ ತಂಡದ ವಿದ್ಯಾರ್ಥಿಗಳು ಕೊನೆಯ ನಕ್ಷೆಗಿಂತ ಆ ಅನುಬಂಧವನ್ನೇ ಜಾಸ್ತಿ ಓದುತ್ತಾರೆ. ಅಂಕಿ ಸಿಗುವ ಮೊದಲೇ ‘ಏನು ಬಂದರೆ ನಾನು ತಪ್ಪು’ ಎಂದು ಬರೆದಿಡುವ ಅಭ್ಯಾಸವೂ ಅವರಿಗೆ ಅಲ್ಲಿಂದಲೇ ಬಂದಿದೆ. ಕ್ಷೇತ್ರಕಾರ್ಯದ ಬಗ್ಗೆ ನನ್ನದೊಂದು ತಕರಾರು ಉಳಿದಿದೆ. ಅದನ್ನು ‘ನಕ್ಷೆ ಸರಿಯಿದೆಯಾ ನೋಡಿ ಬರುವುದು’ ಎಂದು ಕೊನೆಗೆ ಇಡುತ್ತಾರೆ. ಆ ನರ್ಸ್ ಜೊತೆಗಿನ ಹತ್ತು ನಿಮಿಷದ ಮಾತು ಮೊದಲ ತಿಂಗಳಲ್ಲೇ ನಡೆದಿದ್ದರೆ ಲಸಿಕೆಯ ಹಿಂದೆ ಇಷ್ಟು ಅಲೆಯಬೇಕಿರಲಿಲ್ಲ.

ಲ್ಯಾಬ್‌ನಲ್ಲೂ ಒಂದು ಬದಲಾವಣೆ ಮಾಡಿದ್ದೇವೆ. ಈಗ ಮೊದಲ ಪ್ರಾಕ್ಟಿಕಲ್‌ಗೆ ಶುದ್ಧ ಡೇಟಾ ಕೊಡುವುದಿಲ್ಲ. ಸೊನ್ನೆ ತುಂಬಿದ ಚುಕ್ಕೆಗಳು, ತಪ್ಪು ಪ್ರೊಜೆಕ್ಷನ್, ತುಂಡು ಗೆರೆ ಎಲ್ಲ ಬೆರೆಸಿ ಕೊಡುತ್ತೇವೆ. ತಪ್ಪು ಎಷ್ಟಿವೆ ಎಂದು ಹೇಳುವುದಿಲ್ಲ. ಮೊದಲ ವಾರ ಎಲ್ಲರೂ ಗೊಣಗುತ್ತಾರೆ.

ಆಕೆಯ ಎರಡು ರಸ್ತೆ ಜಾಲಗಳು ಈಗ ಇನ್ನೊಬ್ಬ ವಿದ್ಯಾರ್ಥಿಯ ಕೈಯಲ್ಲಿವೆ. ಸೇತುವೆ ಯಾವ ಯಾವ ದಿನ ಮುಳುಗಿತ್ತು ಎಂದು ಉಪಗ್ರಹದಿಂದ ಕಂಡುಹಿಡಿಯಬಹುದೇ ಅನ್ನುವುದು ಅವನ ಪ್ರಶ್ನೆ. ಮಳೆಗಾಲದ ಮೋಡದಲ್ಲಿ ಸಾಮಾನ್ಯ ಚಿತ್ರ ಕೆಲಸಕ್ಕೆ ಬಾರದು. ಸೆಂಟಿನೆಲ್-1 ಉಪಗ್ರಹಗಳ ರೇಡಾರ್ ಮೋಡದ ಮೂಲಕ ನೋಡಬಲ್ಲದು, ಆದರೆ ಒಂದು ಉಪಗ್ರಹ ಅದೇ ಹಾದಿಗೆ ಮರಳುವುದು 12 ದಿನಕ್ಕೊಮ್ಮೆ. ಸೇತುವೆ ನಡುವೆ ಎರಡು ದಿನ ಮುಳುಗಿ ಎದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಅವನು ಸದ್ಯ ನದಿಯಾಚೆಯ ಶಾಲೆಯ ಹಾಜರಿ ಪುಸ್ತಕಗಳಲ್ಲಿ, ಈಚೆ ದಡದ ಮಕ್ಕಳೆಲ್ಲ ಒಟ್ಟಿಗೆ ಗೈರಾದ ತಾರೀಖುಗಳನ್ನು ಹುಡುಕುತ್ತಿದ್ದಾನೆ.